ಮರೆವೂ ಒಂದು ಕಲಿಕೆ

ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಔಷಧವಿಜ್ಞಾನಿ ಡೇವಿಡ್ ಡಿ ವೀಡ್ 1960ರ ದಶಕದಲ್ಲಿ ಇಲಿಗಳ ಪಿಟ್ಯುಟರಿ ಗ್ರಂಥಿಯ ಹಿಂಭಾಗವನ್ನು ತೆಗೆದು ನೋಡಿದರು. ಶಾಕ್‌ನಿಂದ ತಪ್ಪಿಸಿಕೊಳ್ಳುವುದನ್ನು ಆ ಇಲಿಗಳು ಉಳಿದವುಗಳಂತೆಯೇ ಕಲಿತವು. ಆದರೆ ಶಾಕ್ ನಿಲ್ಲಿಸಿದ ಮೇಲೆ ಕಲಿತದ್ದನ್ನು ಬಲುಬೇಗ ಕೈಬಿಟ್ಟವು. ಆ ಭಾಗದಿಂದ ರಕ್ತಕ್ಕೆ ಸೇರುವ ವ್ಯಾಸೊಪ್ರೆಸಿನ್ ಅನ್ನು ಚುಚ್ಚಿದಾಗ ಕಲಿತದ್ದು ಉಳಿಯಿತು. ದೇಹದಲ್ಲಿ ನೀರು ಉಳಿಸುವ ಹಾರ್ಮೋನೆಂದು ಹೆಸರಾಗಿದ್ದ, ಒಂಬತ್ತೇ ಅಮೈನೋ ಆಮ್ಲಗಳ ಈ ಸರಪಳಿ ನೆನಪಿನ ಬಾಳಿಕೆಯನ್ನೂ ಬದಲಿಸಿತ್ತು. ನರಕೋಶಗಳ ಮೇಲೆ ಕೆಲಸಮಾಡುವ ಇಂಥ ಸರಪಳಿಗಳೇ ನ್ಯೂರೋಪೆಪ್ಟೈಡ್‌ಗಳು. ನೆನಪು ಉಳಿಯುವುದು ನರಕೋಶಗಳ ನಡುವಿನ ಸಂಪರ್ಕಗಳಲ್ಲಿ. ಯಾವ ನೆನಪಿಗೆ ಎಷ್ಟು ಬಲ ಎಂಬುದನ್ನು ಪೆಪ್ಟೈಡ್‌ಗಳು ಏರಿಳಿಸುತ್ತವೆ ಎಂದೇ ಈವರೆಗಿನ ಸಾಕ್ಷ್ಯಗಳನ್ನು ಓದಬೇಕು.

ಇದಕ್ಕೆ ಗಟ್ಟಿ ಆಕ್ಷೇಪವೂ ಬಂತು. ವ್ಯಾಸೊಪ್ರೆಸಿನ್ ರಕ್ತದೊತ್ತಡ ಏರಿಸುತ್ತದೆ; ಮೈಯೆಲ್ಲ ಎಚ್ಚೆತ್ತ ಪ್ರಾಣಿಯ ಚುರುಕನ್ನೇ ನೆನಪೆಂದು ಎಣಿಸಲಾಗುತ್ತಿದೆ ಎಂದರು ಟೀಕಾಕಾರರು. ರಕ್ತದೊತ್ತಡದ ಏರಿಕೆಯನ್ನು ತಡೆದಾಗ ಇಲಿಗಳಲ್ಲಿ ನೆನಪಿನ ಲಾಭವೂ ಕುಂದಿದ್ದರಿಂದ ಈ ಟೀಕೆಯನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ರಕ್ತದೊತ್ತಡವನ್ನು ಏರಿಸದ ವ್ಯಾಸೊಪ್ರೆಸಿನ್ ತುಣುಕುಗಳೂ ಕಲಿಕೆಯನ್ನು ಉಳಿಸಿದವು. 2000ದಲ್ಲಿ ಇನ್ನೂ ಸ್ಪಷ್ಟವಾದ ಪುರಾವೆ ಸಿಕ್ಕಿತು. ಇನ್ನೊಂದು ನ್ಯೂರೋಪೆಪ್ಟೈಡ್ ಆದ ಆಕ್ಸಿಟೋಸಿನ್‌ನ ವಂಶವಾಹಿ ಇಲ್ಲದ ಚಿಟ್ಟಿಲಿಗಳು ವಾಸನೆಯನ್ನು ಸರಿಯಾಗಿಯೇ ಗುರುತಿಸುತ್ತಿದ್ದವು. ಒಮ್ಮೆ ಭೇಟಿಯಾದ ಇನ್ನೊಂದು ಇಲಿಯ ಗುರುತು ಮಾತ್ರ ಅವಕ್ಕೆ ಉಳಿಯುತ್ತಿರಲಿಲ್ಲ. ಮಿದುಳಿಗೆ ಆಕ್ಸಿಟೋಸಿನ್ ಕೊಟ್ಟಾಗ ಆ ಶಕ್ತಿ ಮರಳಿತು. ಒಂದೇ ಬಗೆಯ ನೆನಪು ಹೀಗೆ ಕೆಡುವುದನ್ನು ಬರೀ ಎಚ್ಚರದ ಏರಿಳಿತದಿಂದ ವಿವರಿಸಲಾಗದು.

ನೆನಪು ನಂದುವ ಪ್ರಕ್ರಿಯೆಗೂ ಇದೇ ಮಾತು ಸಲ್ಲುತ್ತದೆ. ನಂದಿದ ಅಭ್ಯಾಸ ವಿಶ್ರಾಂತಿಯ ನಂತರ ತಾನಾಗಿ ಮರಳುವುದನ್ನು ಶರೀರವಿಜ್ಞಾನಿ ಪಾವ್ಲೋವ್ ಕಂಡಿದ್ದರು. ಹಾಗೆಯೇ ತಗ್ಗಿದ ಹಳೆಯ ಭಯವೂ ಅಳಿದಿರುವುದಿಲ್ಲ. ‘ಈಗ ಅಪಾಯವಿಲ್ಲ’ ಎಂಬ ಹೊಸ ಕಲಿಕೆ ಅದನ್ನು ಅದುಮಿಟ್ಟಿರುತ್ತದೆ. ಈ ಹೊಸ ಕಲಿಕೆಗೂ ಪೆಪ್ಟೈಡ್‌ಗಳ ನೆರವು ಬೇಕು. ಮಿದುಳಿನ ಸ್ವಂತ ಓಪಿಯಾಯ್ಡ್ ಪೆಪ್ಟೈಡ್‌ಗಳನ್ನು ನಲೊಕ್ಸೋನ್ ಎಂಬ ಔಷಧದಿಂದ ತಡೆದರೆ ಇಲಿಗಳ ಭಯ ತಗ್ಗಲು ತಡವಾಗುತ್ತದೆ. ಭಯಕ್ಕೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲಾಕ್ಕೆ ನ್ಯೂರೋಪೆಪ್ಟೈಡ್ ಎಸ್ ಕೊಟ್ಟರೆ ಚಿಟ್ಟಿಲಿಗಳ ಭಯ ಬೇಗ ತಗ್ಗುತ್ತದೆ.

ಹಾಗಿದ್ದರೆ ಮನುಷ್ಯರ ಮೇಲಿನ ವ್ಯಾಸೊಪ್ರೆಸಿನ್ ಪ್ರಯೋಗಗಳು ಒಂದೇ ತೆರನ ಫಲ ಕೊಡಲಿಲ್ಲವೇಕೆ ಎಂದು ಕೇಳಬಹುದು. ಸೋತದ್ದು ನೆನಪಿನ ಶಕ್ತಿಯನ್ನೇ ಹೆಚ್ಚಿಸುವ ಮದ್ದಿನ ಆಸೆ. ಬಲವನ್ನಷ್ಟೇ ಏರಿಳಿಸುವ ವಸ್ತುವಿನ ಫಲ ಆ ಹೊತ್ತಿನ ಅನುಭವವನ್ನೂ ಅವಲಂಬಿಸುತ್ತದೆ. ಆದ್ದರಿಂದ ಭಯವನ್ನು ಸುರಕ್ಷಿತ ವಾತಾವರಣದಲ್ಲಿ ಮತ್ತೆ ಮತ್ತೆ ಎದುರಿಸುವಂತೆ ಮಾಡುವ ಮನೋಚಿಕಿತ್ಸೆಯ ಜೊತೆಜೊತೆಗೇ ಪೆಪ್ಟೈಡ್‌ಗಳನ್ನು ಪರೀಕ್ಷಿಸಬೇಕು. ಆಘಾತದಿಂದ ನರಳುವವರಿಗೆ ಕಹಿ ನೆನಪನ್ನು ಅಳಿಸಿಕೊಡುತ್ತೇವೆಂಬ ಭರವಸೆ ಕೊಡಬಾರದು. ಅದರ ಹಿಡಿತವನ್ನು ಸಡಿಲಿಸುವ ಕಲಿಕೆಗೆ ಒತ್ತಾಸೆಯಾಗುವುದೇ ವಿಜ್ಞಾನದ ನ್ಯಾಯವಾದ ಗುರಿ.