‘ಬಸ್ಸು’ ಎಂಬ ವಿಭಕ್ತಿ ಪ್ರತ್ಯಯ

ಸವದತ್ತಿ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ದಿನಕ್ಕೆ ಹತ್ತು ಬಾರಿ ಉಚ್ಚರಿಸುವ ಇಂಗ್ಲಿಷ್ ಶಬ್ದ ‘ಬಸ್ಸು’. ಗುರುಮಠದಲ್ಲಿ ಲ್ಯಾಟಿನ್ ವ್ಯಾಕರಣವನ್ನು ಬಾಯಿಪಾಠ ಮಾಡಿದ ನನಗೆ ಅದನ್ನು ಕೇಳಿದಾಗಲೆಲ್ಲ ಒಳಗೊಳಗೇ ನಗು. ಏಕೆಂದರೆ ಅದು ಶಬ್ದವೇ ಅಲ್ಲ, ಶಬ್ದವೊಂದರ ಬಾಲ.

ಲ್ಯಾಟಿನ್ ಭಾಷೆಯಲ್ಲಿ ‘ಓಮ್ನೆಸ್’ ಎಂದರೆ ಎಲ್ಲರೂ. ಅದರ ಚತುರ್ಥೀ ಬಹುವಚನ ರೂಪ ‘ಓಮ್ನಿಬುಸ್’, ಅಂದರೆ ಎಲ್ಲರಿಗಾಗಿ. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಪಟ್ಟಣದ ಬೋದ್ರಿ ಎಂಬಾತ ತನ್ನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಕುದುರೆಗಾಡಿ ಓಡಿಸಿದ. ಜನರು ಸ್ನಾನವನ್ನು ಬಿಟ್ಟು ಗಾಡಿಯನ್ನೇ ಮೆಚ್ಚಿದರು. ಅಂತಹ ಗಾಡಿಗೆ ‘ಓಮ್ನಿಬಸ್’ ಎಂಬ ಹೆಸರು ನಿಂತಿತು. 1829ರ ಜುಲೈ 4ರಂದು ಶಿಲ್ಲಿಬಿಯರ್ ಅದನ್ನು ಲಂಡನ್ನಿನ ಬೀದಿಗಿಳಿಸಿದ. ಅವಸರದ ಆಂಗ್ಲರು ‘ಓಮ್ನಿ’ಯನ್ನು ಕತ್ತರಿಸಿ ಎಸೆದು ‘ಬಸ್’ ಎಂದರು. ನಮ್ಮ ‘ಎಲ್ಲರಿಗೆ’ ಎಂಬುದರಲ್ಲಿ ‘ಎಲ್ಲ’ ಬಿದ್ದುಹೋಗಿ ‘ರಿಗೆ’ ಮಾತ್ರ ಉಳಿದಂತೆ! ಮಿನಿಬಸ್ಸು, ಏರ್‌ಬಸ್ಸುಗಳೆಲ್ಲ ಈ ಬಾಲಕ್ಕೇ ಹೊಸ ತಲೆ ಅಂಟಿಸಿಕೊಂಡವು.

ಹೆಸರು ಹುಟ್ಟುವ ಮೊದಲೇ ವಸ್ತು ಹುಟ್ಟಿತ್ತು. ತತ್ವಜ್ಞಾನಿ ಬ್ಲೇಸ್ ಪಾಸ್ಕಲ್ ತನ್ನ ಬದುಕಿನ ಕೊನೆಯ ವರ್ಷದಲ್ಲಿ ಇಂಥದೊಂದು ಯೋಜನೆ ಹೂಡಿದ್ದನೆಂಬುದು ನಮ್ಮ ತತ್ವಶಾಸ್ತ್ರದ ತರಗತಿಯಲ್ಲಿ ಯಾರೂ ಹೇಳದ ಸಂಗತಿ. 1662ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ ಗೊತ್ತಾದ ದಾರಿ, ಗೊತ್ತಾದ ವೇಳೆ, ಐದು ಸೋಲ್ ದರದ ಗಾಡಿಗಳು ಹೊರಟವು. ಆದರೆ ಪ್ಯಾರಿಸ್ಸಿನ ನ್ಯಾಯಸಭೆ ಒಂದು ನಿರ್ಬಂಧ ಹಾಕಿತು: ಸಿಪಾಯಿಗಳು, ಊಳಿಗದವರು, ಕೂಲಿಕಾರರು ಹತ್ತಕೂಡದು. ಎಲ್ಲರ ಗಾಡಿಯಲ್ಲಿ ಮೊದಲ ದಿನಗಳಲ್ಲೇ ‘ಎಲ್ಲರೂ’ ಇರಲಿಲ್ಲ. ಅಮೆರಿಕದ ಮಾಂಟ್‌ಗೊಮೆರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಿಳಿಯರಿಗೆ ಆಸನ ಬಿಟ್ಟುಕೊಡಲೊಪ್ಪದೆ ಬಂಧನಕ್ಕೊಳಗಾದದ್ದೂ ಇಂಥದೇ ವಾಹನದಲ್ಲಿ.

ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಯಿತು. ಮಹಿಳೆಯರೊಂದಿಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಅದರಲ್ಲಿ ಉಚಿತ ಪ್ರಯಾಣವುಂಟು. ಇದರ ಅರ್ಥ ನನಗೆ ತಿಳಿದದ್ದು ಉಗರಗೋಳದ ಬಸ್ಸಿನಲ್ಲಿ.

ಉಗರಗೋಳದ ಮಗ್ಗುಲಿಗೇ ಎಲ್ಲಮ್ಮನ ಗುಡ್ಡ. ‘ಎಲ್ಲರ ಅಮ್ಮ ಎಲ್ಲಮ್ಮ’ ಎಂದು ಭಕ್ತರು ಆ ಹೆಸರನ್ನು ಬಿಡಿಸುತ್ತಾರೆ. ಪಂಡಿತರು ಒಪ್ಪಲಿ ಬಿಡಲಿ, ‘ಓಮ್ನಿಬುಸ್’ ಏರಿ ಎಲ್ಲರ ಅಮ್ಮನ ಬಳಿಗೆ ಹೋಗುವುದು ನನಗಂತೂ ಸೊಗಸಾಗಿ ಕಾಣುತ್ತದೆ. ಭಾರತ ಹುಣ್ಣಿಮೆಯ ಹಿಂದಿನ ದಿನ ನಾನು ಸವದತ್ತಿಯಲ್ಲಿ ಹತ್ತಿದಾಗ ಬಸ್ಸು ಕಿಕ್ಕಿರಿದಿತ್ತು. ಭಂಡಾರ ಮೆತ್ತಿದ ಹಣೆಗಳು, ಪಡ್ಡಲಗಿಗಳು, ಬುತ್ತಿಯ ಗಂಟುಗಳು. ನಡುವೆ ಒಂದೇ ಆಸನ ಖಾಲಿ. ಅದರ ಪಕ್ಕ ಕಿಟಕಿಯ ಬಳಿ, ಸೀರೆಯುಟ್ಟ ಜೋಗಪ್ಪನೊಬ್ಬ ದೇವಿಯ ಕೊಡವಿಟ್ಟುಕೊಂಡು ಕುಳಿತಿದ್ದ. ನಿರ್ವಾಹಕ ಬಂದ, ಶೂನ್ಯ ದರದ ಟಿಕೆಟ್ ಹರಿದುಕೊಟ್ಟ, ಮುಂದೆ ಹೋದ. ಸರ್ಕಾರದ ಲೆಕ್ಕದಲ್ಲಿ ಆ ಮನುಷ್ಯ ‘ಎಲ್ಲರ’ ಒಳಗೇ ಇದ್ದ. ಆದರೂ ಆ ಆಸನದಲ್ಲಿ ಯಾರೂ ಕೂಡಲಿಲ್ಲ. ಕಂಬಿ ಹಿಡಿದು ಜೋಲಾಡಿದರೇ ಹೊರತು ಕೂಡಲಿಲ್ಲ.

ನಾನೂ ನಿಂತೇ ಇದ್ದೆ. ಮಂಡಿನೋವಿದ್ದರೂ, ವಿಭಕ್ತಿ ಪ್ರತ್ಯಯದ ಅರ್ಥ ಬಲ್ಲವನಾಗಿದ್ದರೂ.

ಒಂದು ತಿರುವಿನಲ್ಲಿ ನಾನು ಮುಗ್ಗರಿಸಿದೆ. ಜೋಗಪ್ಪ ಕೊಡವನ್ನೆತ್ತಿ ತೊಡೆಯ ಮೇಲಿರಿಸಿಕೊಂಡು, ಕಿಟಕಿಯ ಕಡೆಗೆ ಇನ್ನಷ್ಟು ಸರಿದ.

“ಕೂಡ್ರಿ ಯಪ್ಪಾರ, ಜಾಗಾ ಐತಿ.”

ಕುಳಿತೆ. ಉಗರಗೋಳ ಬರುವವರೆಗೆ ಆತ ಬಾಗಿಲ ಹೊರಗಿನ ಬಯಲನ್ನು ತೋರಿಸುತ್ತ, ಈ ಸಲ ಕಡಲೆ ಹೇಗೆ ಬಂದಿದೆಯೆಂದು ಹೇಳುತ್ತಿದ್ದ.