ಕೊನೆ ಗೊತ್ತಿದೆ, ಆದರೂ ಎದೆ ಡವಡವ!

ಬನ್ನಿ, ಒಂದು ಪಂದ್ಯ ಕಟ್ಟೋಣ! ನಿಮ್ಮ ಕೈಗೊಂದು ರೋಚಕ ಕಾದಂಬರಿ ಕೊಡುತ್ತೇನೆ. ಕೊಲೆಗಾರ ಯಾರನ್ನು ಕೊಲ್ಲಲು ಹೊರಟಿದ್ದಾನೆ ಎಂದು ಮೊದಲೇ ಹೇಳುತ್ತೇನೆ. ಅವನ ಗುಂಡು ಗುರಿ ಮುಟ್ಟುವುದಿಲ್ಲ ಎಂದೂ ಈಗಲೇ ಹೇಳಿಬಿಡುತ್ತೇನೆ!

ಇನ್ನೇನು ಉಳಿಯಿತು ಓದಲಿಕ್ಕೆ ಅಂತೀರಾ?

ಎಲ್ಲವೂ ಉಳಿದಿದೆ! ನಾಲ್ಕು ಪುಟ ಓದಿ, ಆಮೇಲೆ ಪುಸ್ತಕ ಕೆಳಗಿಡಿ ನೋಡೋಣ. ಆಗುವುದಿಲ್ಲ!

ಕಾದಂಬರಿಯ ಹೆಸರು ‘ದಿ ಡೇ ಆಫ್ ದಿ ಜ್ಯಾಕಲ್’. ಬರೆದವರು ಇಂಗ್ಲೆಂಡಿನ ಫ್ರೆಡ್ರಿಕ್ ಫೋರ್ಸೈತ್. ಕೊಲೆಗಾರನ ಗುರಿ ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್. ಕಥೆ ನಡೆಯುವುದು 1963ರಲ್ಲಿ. ನಿಜವಾದ ಡಿ ಗಾಲ್ ತೀರಿಕೊಂಡದ್ದು 1970ರಲ್ಲಿ, ತಮ್ಮ ಮನೆಯಲ್ಲೇ!

ಮೊದಲು ಒಂದು ನಿಜ ಘಟನೆ ಕೇಳಿ. ಊಹಿಸುತ್ತಾ ಕೇಳಿ.

1962ರ ಆಗಸ್ಟ್ 22ರ ಸಂಜೆ. ಪ್ಯಾರಿಸ್ ಹೊರವಲಯದ ಪೆಟಿ ಕ್ಲಾಮಾರ್. ಡಿ ಗಾಲ್ ದಂಪತಿಯ ಸಿಟ್ರೊಯನ್ ಕಾರು ವೇಗವಾಗಿ ಬರುತ್ತಿದೆ. ಅಲ್ಜೀರಿಯಾವನ್ನು ಬಿಟ್ಟುಕೊಟ್ಟರೆಂದು ಕುದಿಯುತ್ತಿದ್ದ ಗುಂಪು ಹೊಂಚು ಹಾಕಿದೆ. ಮಷಿನ್ ಗನ್ ಸಿಡಿಯಿತು! ರಸ್ತೆಯಲ್ಲಿ ಆಮೇಲೆ ಸಿಕ್ಕ ಖಾಲಿ ತೋಟಾಗಳೆಷ್ಟು? ಇಪ್ಪತ್ತೇ? ಐವತ್ತೇ?

187!

ಕಾರಿಗೆ 14 ಗುಂಡು ತಾಗಿದವು. ಟೈರು ಸೀಳಿಹೋದವು. ಆದರೂ ಕಾರು ನಿಲ್ಲಲಿಲ್ಲ! ಒಳಗಿದ್ದವರಿಗೆ ಒಂದೂ ಗುಂಡು ತಾಗಲಿಲ್ಲ!

ಸಂಚಿನ ನಾಯಕ ಬಾಸ್ತ್ಯಾ ತಿರಿಗೆ ಸರ್ಕಾರ 1963ರ ಮಾರ್ಚ್ 11ರಂದು ಗುಂಡಿಕ್ಕಿ ಮರಣದಂಡನೆ ಜಾರಿಮಾಡಿತು. ಕಾದಂಬರಿ ತೆರೆದುಕೊಳ್ಳುವುದೇ ಆ ಬೆಳಗಿನಲ್ಲಿ! ಅಲ್ಲಿಯವರೆಗೆ ಚರಿತ್ರೆ, ಅಲ್ಲಿಂದಾಚೆ ಕಲ್ಪನೆ. ನಡುವಿನ ಹೊಲಿಗೆ ಎಲ್ಲಿದೆ? ಹುಡುಕಿ ನೋಡಿ, ಕಣ್ಣಿಗೇ ಬೀಳುವುದಿಲ್ಲ!

ಏಕೆ ಗೊತ್ತೇ? ಫೋರ್ಸೈತ್ ಅಲ್ಲೇ ಇದ್ದವರು! ರಾಯಿಟರ್ಸ್ ವರದಿಗಾರರಾಗಿ ಆ ದಿನಗಳ ಪ್ಯಾರಿಸ್ಸಿನಲ್ಲಿ ಡಿ ಗಾಲ್ ಅವರ ಬೆನ್ನಿಗೇ ಓಡಾಡಿದವರು.

ಈಗ ಎರಡನೇ ಒಗಟು. 1970ರ ಜನವರಿ. ಫೋರ್ಸೈತ್ ಅವರ ವಯಸ್ಸು 31. ಆಫ್ರಿಕಾದ ಬಯಾಫ್ರಾ ಯುದ್ಧ ಕಂಡು ಮರಳಿದ್ದಾರೆ. ಕೆಲಸವಿಲ್ಲ, ಜೇಬು ಖಾಲಿ. ಟೈಪ್‌ರೈಟರ್ ಮುಂದೆ ಕುಳಿತರು. ಇಷ್ಟು ದೊಡ್ಡ ಕಾದಂಬರಿಗೆ ಎಷ್ಟು ಕಾಲ ಹಿಡಿದಿರಬೇಕು? ಎರಡು ವರ್ಷ? ಒಂದು ವರ್ಷ?

35 ದಿನ!

ನಾಲ್ವರು ಪ್ರಕಾಶಕರು ಅದನ್ನು ಹಿಂದಿರುಗಿಸಿದರು. ಡಿ ಗಾಲ್ ಸಾಯಲಿಲ್ಲ ಎಂಬುದು ಜಗತ್ತಿಗೇ ಗೊತ್ತಲ್ಲ, ಯಾರು ಓದುತ್ತಾರೆ ಎಂಬ ಚಿಂತೆ ಅವರಿಗೆ!

ಯಕ್ಷಗಾನ ನೋಡಿದವರು ಆ ಮಾತು ಒಪ್ಪುತ್ತಾರೆಯೇ? ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ. ಮೊಮ್ಮಗುವಿಗೂ ಗೊತ್ತು, ಅಜ್ಜಿಗೂ ಗೊತ್ತು! ಆದರೂ ಚೆಂಡೆ ಏರುತ್ತಿದ್ದಂತೆ ಕುಳಿತಲ್ಲೇ ಮೈ ಬಿಗಿಯುತ್ತದೆ. ಈ ಸಲವಾದರೂ ದಾರಿ ಸಿಗಬಾರದೇ ಅನ್ನಿಸುತ್ತದೆ! ಏನಾಗುತ್ತದೆ ಎಂಬುದು ಕುತೂಹಲದ ಒಂದು ಬಗೆ. ಹೇಗಾಗುತ್ತದೆ ಎಂಬುದು ಇನ್ನೊಂದು. ಫೋರ್ಸೈತ್ ಹಿಡಿದದ್ದು ಈ ಎರಡನೆಯದನ್ನು!

ಹೇಗೆ? ಇಲ್ಲೇ ನೋಡಿ ಸೊಗಸು!

‘ಜ್ಯಾಕಲ್’ ಎಂಬ ಗುಪ್ತನಾಮದ ಈ ಬಾಡಿಗೆ ಕೊಲೆಗಾರನ ಕೂಲಿ ಐದು ಲಕ್ಷ ಡಾಲರ್. ಅವನ ನಿಜ ಹೆಸರೇನು? ಪುಸ್ತಕ ಮುಗಿದರೂ ಗೊತ್ತಾಗುವುದಿಲ್ಲ! ಸ್ಮಶಾನದಲ್ಲಿ ಹೆಸರು ಹುಡುಕುತ್ತಾನೆ. ಎಂದೋ ತೀರಿಕೊಂಡ ಮಗುವಿನ ಹೆಸರಲ್ಲಿ ಪಾಸ್‌ಪೋರ್ಟ್ ಪಡೆಯುತ್ತಾನೆ. ಬ್ರಿಟನ್ನಿನ ವ್ಯವಸ್ಥೆಯಲ್ಲಿ ಆ ಬಿರುಕು ನಿಜಕ್ಕೂ ಇತ್ತು, ದಶಕಗಳ ಕಾಲ ಉಳಿದಿತ್ತು! ಬೆಲ್ಜಿಯಂ ಕಡೆಯ ಆರ್ಡೆನ್ ಕಾಡಿನಲ್ಲಿ ಕರಬೂಜಕ್ಕೆ ಕಣ್ಣು ಬಾಯಿ ಬರೆದು ಮರಕ್ಕೆ ನೇತುಹಾಕುತ್ತಾನೆ. ದೂರ ನಿಂತು ಗುಂಡು ಹೊಡೆಯುತ್ತಾನೆ. ಆ ಹಣ್ಣು ಏನಾಯಿತೆಂದು ಓದುವಾಗ ನಿಮ್ಮ ಕೈ ತಣ್ಣಗಾಗದಿದ್ದರೆ ಕೇಳಿ!

ಎದುರಿಗೆ ಯಾರು? ಮಹಾವೀರನೇ? ಅಲ್ಲ! ಕ್ಲೋದ್ ಲೆಬೆಲ್ ಎಂಬ ಕುಳ್ಳ, ಮನೆಯಲ್ಲಿ ಹೆಂಡತಿಗೆ ಹೆದರುವ ಪೊಲೀಸ್ ಅಧಿಕಾರಿ. ಅವನ ಆಯುಧ ಫೋನು, ಫೈಲು, ಹೋಟೆಲುಗಳ ನೋಂದಣಿ ಚೀಟಿ. ಚೀಟಿ ತಿರುವುತ್ತಾ ತಿರುವುತ್ತಾ ಹತ್ತಿರ ಬರುತ್ತಾನೆ. ಇನ್ನಷ್ಟು ಹತ್ತಿರ!

ಮತ್ತೊಂದು ಅಚ್ಚರಿ ಕೇಳಿ. 1975ರಲ್ಲಿ ವೆನೆಜುವೆಲಾದ ಭಯೋತ್ಪಾದಕ ಕಾರ್ಲೋಸನ ಸಾಮಾನು ಸಿಕ್ಕ ಲಂಡನ್ನಿನ ಮನೆಯಲ್ಲಿ ಪತ್ರಕರ್ತರೊಬ್ಬರಿಗೆ ಈ ಕಾದಂಬರಿ ಕಂಡಿತು. ಅಂದಿನಿಂದ ಅವನು ‘ಕಾರ್ಲೋಸ್ ದಿ ಜ್ಯಾಕಲ್’! ಆದರೆ ಪುಸ್ತಕ ಅವನದ್ದೇ ಆಗಿರಲಿಲ್ಲ!

2015ರಲ್ಲಿ ಫೋರ್ಸೈತ್ ತಾವೇ ಒಂದು ಗುಟ್ಟು ಬಿಚ್ಚಿಟ್ಟರು. ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆ ಎಂಐ6ಗೆ ಅವರು ಕೆಲಸ ಮಾಡಿಕೊಟ್ಟಿದ್ದರು! 2025ರಲ್ಲಿ, 86ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಕೊನೆಯ ಪುಟಗಳಿಗೆ ಬನ್ನಿ. ಆಗಸ್ಟ್ 25, ಪ್ಯಾರಿಸ್ ವಿಮೋಚನೆಯ ದಿನ. ಕಿಟಕಿಯ ಹಿಂದೆ ಜ್ಯಾಕಲ್. ದುರ್ಬೀನಿನ ನಡುಮಧ್ಯೆ ಡಿ ಗಾಲ್ ಅವರ ತಲೆ. ಬೆರಳು ಬಂದೂಕಿನ ಕುದುರೆಯ ಮೇಲೆ!

ಆಗ ಒಂದು ಪುಟ್ಟ ಚಲನೆ. ಒಂದೇ ಒಂದು! ಏನದು? ಅದನ್ನು ಮಾತ್ರ ನಾನು ಹೇಳುವುದಿಲ್ಲ. ಡಿ ಗಾಲ್ ಬದುಕುತ್ತಾರೆಂದು ನಿಮಗೆ ಗೊತ್ತೇ ಇದೆಯಲ್ಲ! ಆದರೂ ಆ ಸಾಲಿಗೆ ಬಂದಾಗ ಉಸಿರು ಬಿಗಿಹಿಡಿದಿರುತ್ತೀರಿ. ಪಂದ್ಯ!