ರೇಗಿಸ್ತಾನ್: ಮೂರು ಮದ್ರಸಗಳ ಚೌಕ

ಉಜ್ಬೇಕಿಸ್ತಾನದ ಸಮರ್ಖಂದ್ ನಗರದ ರೇಗಿಸ್ತಾನ್ ಚೌಕದ ಫೋಟೊ ನೀವೂ ಎಲ್ಲಾದರೂ ನೋಡಿರುತ್ತೀರಿ. ನೀಲಿ ಟೈಲ್ಸ್ ಹೊದ್ದ ಮೂರು ದೊಡ್ಡ ಕಟ್ಟಡಗಳು, ನಡುವೆ ಬಯಲು. ಅರಮನೆ ಇರಬೇಕು ಅಂತ ಹಲವರು ಅಂದುಕೊಳ್ಳುತ್ತಾರೆ. ಅಲ್ಲ, ಮೂರೂ ಮದ್ರಸಗಳೇ!

ಪಾರ್ಸಿ ಭಾಷೆಯಲ್ಲಿ 'ರೇಗ್' ಅಂದರೆ ಮರಳು, ರೇಗಿಸ್ತಾನ್ ಅಂದರೆ ಮರಳಿನ ಜಾಗ. ಇಲ್ಲಿ ಸಂತೆ ನೆರೆಯುತ್ತಿತ್ತು, ರಾಜಾಜ್ಞೆ ಸಾರುತ್ತಿದ್ದರು, ಅಪರಾಧಿಗಳಿಗೆ ಶಿಕ್ಷೆಯೂ ಇಲ್ಲೇ ಆಗುತ್ತಿತ್ತು.

ಮೊದಲ ಮದ್ರಸ ಕಟ್ಟಿಸಿದ್ದು ತೈಮೂರನ ಮೊಮ್ಮಗ ಉಲೂಗ್ ಬೇಗ್, 1417ರಿಂದ 1420ರೊಳಗೆ. ನಡುವೆ ಅಂಗಳ, ಸುತ್ತಲೂ ಮುತಅಲ್ಲಿಮರು ಉಳಿದುಕೊಳ್ಳುವ ಹುಜ್ರಾಗಳು. ಎದುರಿನ ಭಾರಿ ಕಮಾನಿನ ಮೇಲೆಲ್ಲ ನಕ್ಷತ್ರಗಳ ಚಿತ್ತಾರ. ಅದು ಬರೀ ಅಲಂಕಾರ ಅಂತ ನನಗೆ ಅನಿಸುವುದಿಲ್ಲ. ಏಕೆಂದರೆ ಇಲ್ಲಿ ದೀನೀ ಇಲ್ಮಿನ ಜೊತೆ ಗಣಿತ, ಖಗೋಳವೂ ಪಾಠವಾಗಿತ್ತು. ಖಾಝಿ ಝಾದಾ ರೂಮಿಯಂತಹ ಗಣಿತಜ್ಞರು ಇಲ್ಲಿ ಕಲಿಸಿದರು. ಉಲೂಗ್ ಬೇಗ್ ನಗರದ ಹೊರಗಿನ ಗುಡ್ಡದಲ್ಲಿ ವೀಕ್ಷಣಾಲಯ ಕಟ್ಟಿಸಿದ. ಅಲ್ಲಿ ತಯಾರಾದ ಪಟ್ಟಿಯಲ್ಲಿ 1018 ನಕ್ಷತ್ರಗಳ ಸ್ಥಾನ ದಾಖಲಾಗಿದೆ. ದೂರದರ್ಶಕ ಇನ್ನೂ ಹುಟ್ಟದ ಕಾಲ ಅದು! ಮದ್ರಸ ಅಂದರೆ ಇಷ್ಟೇ ಅಂತ ಗೆರೆ ಎಳೆಯುವವರು, ನಮ್ಮವರೂ ಸೇರಿ, ಇದನ್ನು ಸ್ವಲ್ಪ ಗಮನಿಸಬೇಕು. 1449ರಲ್ಲಿ ಸ್ವಂತ ಮಗನೇ ಅವನನ್ನು ಕೊಲ್ಲಿಸಿದ. ವೀಕ್ಷಣಾಲಯ ಮಣ್ಣುಪಾಲಾಯಿತು. 1908ರಲ್ಲಿ ವ್ಯಾಟ್ಕಿನ್ ಎಂಬ ರಷ್ಯನ್ ಸಂಶೋಧಕ ಅದರ ತಳಭಾಗವನ್ನು ಅಗೆದು ತೆಗೆದ.

ಎದುರಿಗಿರುವ ಶೇರ್‌ದಾರ್ ಮದ್ರಸ ಸುಮಾರು 200 ವರ್ಷ ಈಚಿನದು. 1619ರಲ್ಲಿ ಕೆಲಸ ಶುರುಮಾಡಿಸಿದವನು ಯಲಂಗ್‌ತುಶ್ ಬಹಾದುರ್. ಬಾಗಿಲ ಮೇಲೆ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವ ಹುಲಿಯಂಥ ಸಿಂಹ, ಅದರ ಬೆನ್ನಿಗೆ ಮನುಷ್ಯ ಮುಖದ ಸೂರ್ಯ. ಮದ್ರಸದ ಬಾಗಿಲಲ್ಲಿ ಜೀವಿಗಳ ಚಿತ್ರವೇ? ಉಸ್ತಾದನಾಗಿ ನನಗಂತೂ ಒಪ್ಪಿಗೆಯಿಲ್ಲ. ಆದರೂ ಕಟ್ಟಡಕ್ಕೆ ಹೆಸರು ಬಂದದ್ದು ಅದರಿಂದಲೇ.

ಮೂರನೆಯದು ತಿಲ್ಲಾಕಾರಿ, ಅಂದರೆ ಚಿನ್ನದ ಕೆಲಸದ್ದು. ಶುರುವಾದದ್ದು 1646ರಲ್ಲಿ. ಮದ್ರಸದ ಜೊತೆ ಜುಮಾ ಮಸೀದಿಯೂ ಇದರೊಳಗೇ ಇದೆ. ಒಳಗೆ ನಿಂತು ತಲೆಯೆತ್ತಿದರೆ ಚಿನ್ನದ ಗುಮ್ಮಟ ಕಾಣುತ್ತದೆ. ನಿಜಕ್ಕೂ ಅಲ್ಲಿರುವುದು ಚಪ್ಪಟೆ ಛಾವಣಿ, ಬಣ್ಣದ ಗೆರೆಗಳಿಂದಲೇ ಗುಮ್ಮಟದ ಭ್ರಮೆ ಹುಟ್ಟಿಸಿದ್ದಾರೆ. ಹೊರಗಿನ ನೀಲಿ ಗುಮ್ಮಟವಂತೂ ಸೋವಿಯತ್ ಕಾಲದ ದುರಸ್ತಿಯಲ್ಲಿ ಬಂದದ್ದು.

ಭೂಕಂಪಗಳಿಂದ ಮಿನಾರಗಳು ವಾಲಿದ್ದವು. ಉಲೂಗ್ ಬೇಗ್ ಮದ್ರಸದ ಒಂದು ಮಿನಾರವನ್ನು 1932ರಲ್ಲಿ ಎಂಜಿನಿಯರ್ ಶುಖೋವ್ ಯೋಜನೆಯಂತೆ ನೆಟ್ಟಗೆ ಮಾಡಿದರು. ಆದರೆ ಅಷ್ಟೊತ್ತಿಗೆ ಅದೇ ಸರಕಾರದ ಕಾಲದಲ್ಲಿ ಒಳಗಿನ ದರ್ಸ್ ನಿಂತುಹೋಗಿತ್ತು. ಗೋಡೆ ಉಳಿಯಿತು, ಪಾಠ ಹೋಯಿತು. 2001ರಲ್ಲಿ ಸಮರ್ಖಂದ್ ಯುನೆಸ್ಕೊ ಪಟ್ಟಿ ಸೇರಿತು. ಈಗ ಟಿಕೆಟ್ ಕೊಟ್ಟು ಒಳಗೆ ಹೋಗಬೇಕು. ಕಿತಾಬು ತೆರೆದಿಡುತ್ತಿದ್ದ ಹುಜ್ರಾಗಳಲ್ಲಿ ರೇಷ್ಮೆ ಶಾಲು, ಪಿಂಗಾಣಿ ತಟ್ಟೆ ಮಾರುತ್ತಾರೆ. ಬಾಡಿಗೆಯಿಂದ ಕಟ್ಟಡಕ್ಕೆ ಆಸರೆಯಾಗಬಹುದು, ಬೇಡ ಅನ್ನಲಾರೆ. ಆದರೆ ಒಂದೇ ಒಂದು ಮೂಲೆಯಲ್ಲಾದರೂ ಖಗೋಳದ ತರಗತಿ ನಡೆದರೆ ಏನು ನಷ್ಟ?

ಅಷ್ಟು ದೂರ ಹೋಗಲು ಆಗದವರು ಬೀದರಿಗೆ ಹೋಗಿ. 1472ರಲ್ಲಿ ಮಹಮೂದ್ ಗಾವಾನ್ ಕಟ್ಟಿಸಿದ ಮದ್ರಸ ಇದೇ ಶೈಲಿಯದ್ದು. ಸಿಡಿಮದ್ದು ಸ್ಫೋಟದಲ್ಲಿ ಅರ್ಧ ಹಾಳಾಗಿದೆ. ಮುಂದಿನ ಎರಡು ಮಿನಾರಗಳಲ್ಲಿ ಒಂದು ಮಾತ್ರ ನಿಂತಿದೆ, ಅದರ ಮೈಮೇಲೆ ಆ ನೀಲಿ ಟೈಲ್ಸ್ ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ.